ಹಡಗು ನಿಲ್ಲುವಷ್ಟು ಹೊತ್ತು

ಮಲ್ಲಕ್ಕ ತೀರಿಕೊಂಡದ್ದು ಯರಗುಪ್ಪಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿರದೆ ಇದ್ದವನು ಅವಳ ಮಗ ಕೃಷ್ಣಾ ಒಬ್ಬನೇ.

ದಸರೆ ಮುಗಿದ ಮೇಲಿನ ವಾರ, ಮೆಣಸಿನ ಸಾಲಿನಲ್ಲಿ ಕಸ ತೆಗೆಯುತ್ತಿದ್ದವಳು ‘ಎದಿ ಯಾಕೋ ಹಿಡದಂಗ ಆಗೇತಿ’ ಎಂದು ಬದುವಿನ ಮೇಲೆ ಕುಳಿತಳು. ಕುಂದಗೋಳದ ದವಾಖಾನೆ ಮುಟ್ಟುವುದರೊಳಗೆ ಮುಗಿದು ಹೋಗಿತ್ತು. ಆ ಹೊತ್ತಿಗೆ ಕೃಷ್ಣಾ ಆಫ್ರಿಕಾ ಸುತ್ತಿಕೊಂಡು ಹೋಗುತ್ತಿದ್ದ ಒಂದು ಕಂಟೇನರ್ ಹಡಗಿನ ಮೇಲಿದ್ದ. ಅವನಿಗೆ ನೆಲ ಕಾಣುವುದು ಇನ್ನೂ ಎಷ್ಟೋ ದಿನದ ಮಾತು. ಅಷ್ಟು ದಿನ ಹೆಣ ಕಾಯುವುದಿಲ್ಲ. ಮರುದಿನವೇ ಹೊಲದ ಮೂಲೆಯಲ್ಲಿ ಮಣ್ಣು ಮಾಡಿದರು.

ಮಣ್ಣು ಕೊಟ್ಟು ಬಂದು ಕೈಕಾಲು ತೊಳೆದುಕೊಂಡ ಮೇಲೆ ಶಿದ್ಲಿಂಗಪ್ಪ ಮಗಳು ಮಂಜುಳಾಳನ್ನು ಹಿತ್ತಲಿಗೆ ಕರೆದ. ಕುರಿ ಕಾಯುತ್ತಲೇ ಮುದುಕನಾದವನು, ಮಾತು ಕಡಿಮೆ. ಅವತ್ತು ಮಾತ್ರ ಒಂದೇ ಉಸಿರಿಗೆ ಹೇಳಿದ.

“ತಮ್ಮಗ ಈಗ ಹೇಳೂದು ಬ್ಯಾಡವ್ವಾ. ಪೆಟ್ಟಿಗಿ ಮ್ಯಾಲ ಪೆಟ್ಟಿಗಿ ಒಟ್ಟಿರತಾರ, ಅದರ ನಡಬರಕ ಏರಿ ಕಬ್ಬಿಣದ ಸಳಿ ಬಿಗಿಯೂ ಹುಡುಗ ಅಂವ. ಮನಸ ಅಲ್ಲಿರಲಿಲ್ಲಂದ್ರ ಕಾಲ ಜಾರತೈತಿ. ಹೇಳಿದ್ರ ಏನ್ ಬಂದ ಮಣ್ಣ ಕೊಡತಾನೇನು? ಅವನ ಹಡಗ ನಮ್ಮ ಕಡಿ ಬಂದಾಗ ಎದರಿಗೆ ನಿಂತ ಹೇಳೂಣು. ಹೆಗಲ ಮ್ಯಾಲ ಕೈ ಇಟ್ಟ ಹೇಳೂ ಮಾತದು.”

ಮಂಜುಳಾ ಒಪ್ಪಿದಳು. ಅಷ್ಟರ ಮಟ್ಟಿಗೆ ಅದು ಮುಚ್ಚಿಟ್ಟ ಸುದ್ದಿ, ಸುಳ್ಳಾಗಿರಲಿಲ್ಲ. ಸುಳ್ಳಾದದ್ದು ಆಮೇಲೆ.

ಕಾರ್ಯವೆಲ್ಲ ಮುಗಿದು ಬೀಗರು ಬಿಜ್ಜರು ಚದುರಿದ ಮೇಲೆ ಒಂದು ಮಧ್ಯಾಹ್ನ ಮಲ್ಲಕ್ಕನ ಫೋನು ಹೊಡೆದುಕೊಂಡಿತು. ಗೂಡಿನಲ್ಲಿಟ್ಟಿದ್ದ ಅದನ್ನು ಶಿದ್ಲಿಂಗಪ್ಪ ಹಾವು ಕಂಡವನಂತೆ ನೋಡಿದ. ಮಂಜುಳಾ ಎತ್ತಿಕೊಂಡಳು. ಅಪ್ಪನಿಗೆ ಮೈಯಾಗ ಆರಾಮಿಲ್ಲವೆಂದು ತಾನು ಬಂದಿದ್ದೇನೆ, ಅವ್ವ ಹೊಲಕ್ಕೆ ಹೋಗಿದ್ದಾಳೆ ಎಂದು ಹೇಳಬೇಕೆಂದೇ ಬಾಯಿ ತೆರೆದಿದ್ದಳು. ಹಡಗಿನ ಫೋನು ಮೊದಲೇ ಹರಿದ ಜರಡಿ. ಅರ್ಧ ಮಾತು ಈ ಕಡೆ, ಅರ್ಧ ಸಮುದ್ರಕ್ಕೆ. ಅವಳು ‘ಹಲೋ’ ಎಂದದ್ದೇ ತಡ, ಆ ಕಡೆಯಿಂದ “ಯವ್ವಾ” ಎಂದಿತು ತಮ್ಮನ ದನಿ.

ತಾಯಿ ಮಗಳ ದನಿ ಒಂದೇ ಅಚ್ಚು ಎಂದು ಊರೆಲ್ಲ ಅನ್ನುತ್ತಿತ್ತು. ಹಿತ್ತಲಲ್ಲಿ ಮಂಜುಳಾ ಕೂಗಿದರೆ ಮಲ್ಲಕ್ಕ ಕರೆದಳೆಂದು ಆಚೆ ಮನೆಯ ಜುಲೇಖಾಬಿ ಓಗೊಡುತ್ತಿದ್ದಳು.

“ಯವ್ವಾ, ಕೇಳಸ್ತೈತೇನು?”

ಮಂಜುಳಾ ಅಪ್ಪನ ಕಡೆ ನೋಡಿದಳು. ಅವನು ಗೋಡೆಗೆ ಮುಖ ತಿರುಗಿಸಿದ.

“ಹೂಂನೋ, ಹೇಳು,” ಎಂದಳು. “ಉಂಡಿ?”

ಅಷ್ಟೇ. ಅಂದಿನಿಂದ ಹಡಗು ನೆಟ್‌ವರ್ಕ್ ಸಿಗುವಲ್ಲಿ ಬಂದಾಗಲೆಲ್ಲ ಕೃಷ್ಣಾ ಅವ್ವನ ಫೋನಿಗೆ ಕರೆ ಮಾಡುತ್ತಿದ್ದ, ಅವ್ವ ಮಾತಾಡುತ್ತಿದ್ದಳು. ಮಂಜುಳಾಳ ಗಂಡನ ಮನೆ ಕಲಘಟಗಿಯಲ್ಲಿ. ಆ ಫೋನನ್ನು ಅವಳು ಸೆರಗಿನಲ್ಲಿ ಕೆಂಡ ಕಟ್ಟಿಕೊಂಡಂತೆ ಅಲ್ಲಿಗೂ ಒಯ್ದಳು. ಹೆಚ್ಚು ಮಾತಾಡಿದರೆ ಸಿಕ್ಕಿಬೀಳುವ ಭಯ. ಹೂಂ, ಹೌದೇನು, ಉಂಡಿ, ಹುಷಾರಪ್ಪಾ – ಇಷ್ಟರಲ್ಲೇ ಅವಳು ತಾಯಿಯನ್ನು ಬದುಕಿಸಿದಳು. ಅವನು ಹಾಗಲ್ಲ, ಮನಸ್ಸು ಬಿಚ್ಚಿ ಸುರಿಯುತ್ತಿದ್ದ. ಅಕ್ಕನ ಹತ್ತಿರ ಎಂದೂ ಆಡದಿದ್ದ ಮಾತುಗಳು ಅವು.

ಒಂದು ಸಲ ಹೇಳಿದ, ಜೊತೆಗಾರನೊಬ್ಬನ ಕೈ ಕಬ್ಬಿಣದ ಸಳಿಗೆ ಸಿಕ್ಕು ಜಜ್ಜಿಹೋಯಿತಂತೆ. ಅಂದಿನಿಂದ ತನಗೆ ಮೇಲೆ ಹತ್ತಲು ಭಯ. “ಇದೊಂದ ಪಾಳಿ ಮುಗಸ್ತೇನಿ ಯವ್ವಾ. ಆಮ್ಯಾಲ ಒಲ್ಲೆ. ಯಪ್ಪನ ಕೂಡ ಕುರಿ ಕಾಯ್ಕೋತ ಇರ್ತೇನಿ. ಅಕ್ಕಗ ಹೇಳಬ್ಯಾಡ ಮತ್ತ. ಹೋಗು ಹೋಗು ಅಂತ ಬೆನ್ನ ಹತ್ತಿ ಕಳಿಸಿದಾಕಿ ಅಕಿ. ನಾ ಹೆದರೇನಿ ಅಂತ ಗೊತ್ತಾದ್ರ ನಗತಾಳ.”

“ಹೇಳಂಗಿಲ್ಲಪ್ಪಾ,” ಎಂದಿದ್ದಳು ಮಂಜುಳಾ.

ನಿಜ, ಕಳಿಸಿದವಳು ಅವಳೇ. ಪೇಪರಿನಲ್ಲಿ ಬಂದ ಜಾಹೀರಾತನ್ನು ಕತ್ತರಿಸಿ ಇಟ್ಟು, ಕೆರೆಗಿಂತ ದೊಡ್ಡ ನೀರು ಕಾಣದಿದ್ದ ಹುಡುಗನನ್ನು ಹಡಗಿನ ತರಬೇತಿಗೆ ಹಚ್ಚಿದವಳು ಅವಳು. ಫೋನು ಇಟ್ಟ ಮೇಲೆ ಅವಳಿಗೆ ತನ್ನದಲ್ಲದ ಮನೆಯ ಒಳಗೋಣೆಗೆ ಹೊಕ್ಕು ಬಂದಂತಾಗಿತ್ತು. ಅವನ ಭಯ ತನಗೆ ಗೊತ್ತು; ಗೊತ್ತೆಂದು ತೋರಿಸುವ ಹಾಗಿಲ್ಲ.

*

ಶಿವರಾತ್ರಿ ಸಮೀಪಿಸುವ ಹೊತ್ತಿಗೆ ಸುದ್ದಿ ಬಂತು: ಕೃಷ್ಣಾನ ಹಡಗು ನಮ್ಮ ಕರಾವಳಿಯ ಬಂದರಿಗೇ ಬರುತ್ತದೆ. ತಂದದ್ದು ಗುಡಗೇರಿಯ ಗೌರೀಶ. ಅವನ ತಂದೆ ಶಂಭುಲಿಂಗಪ್ಪನವರದು ಕಾಳುಕಡಿಯ ವ್ಯಾಪಾರ. ಶಿದ್ಲಿಂಗಪ್ಪ ಕಡಲೆ ಹಾಕುತ್ತಿದ್ದದ್ದು ಅವರ ಅಂಗಡಿಗೇ. ಗೌರೀಶ ಎಂಜಿನಿಯರಿಂಗ್ ಓದಿ ಅದೇ ಬಂದರಿನಲ್ಲಿ, ಹಡಗು ಬಂದು ನಿಲ್ಲುವ ಕಂಟೇನರ್ ಧಕ್ಕೆಯಲ್ಲಿ ಯಾವ ಹಡಗಿಗೆ ಯಾವ ಜಾಗ, ಯಾವ ಪೆಟ್ಟಿಗೆ ಯಾವ ಸಾಲಿನಲ್ಲಿ ಎಂದು ಯೋಜನೆ ಹಾಕುವ ಕೆಲಸದಲ್ಲಿದ್ದ.

ಸಂಕ್ರಾಂತಿಗೆ ಊರಿಗೆ ಬಂದವನು ಅಂಗಡಿಯ ಕಟ್ಟೆಯ ಮೇಲೆ ಕುಳಿತು ಶಿದ್ಲಿಂಗಪ್ಪನಿಗೆ ತನ್ನ ಕೆಲಸ ತಿಳಿಸಿ ಹೇಳಿದ್ದ. ಅಪ್ಪನ ಜೊತೆ ಹೋಗಿದ್ದ ಮಂಜುಳಾಳೂ ಕೇಳಿಸಿಕೊಂಡಿದ್ದಳು.

“ಮೊದಲ ಹಡಗ ಬಂತಂದ್ರ ಬೀಗರ ಬಂದಂಗ್ರಿ ಕಾಕಾ. ಕುಂತ್ರ ಏಳತಿರಲಿಲ್ಲ. ಬೇಕಾದ ಪೆಟ್ಟಿಗಿ ತಳದಾಗ, ಅದರ ಮ್ಯಾಲ ಬ್ಯಾರೆ ನಾಕ. ಅವನ್ನ ಇಳಸು, ಇದನ್ನ ತಗಿ, ಮತ್ತ ಅವನ್ನ ಏರಸು. ಹೊರಗ ಲಾರಿ ಸಾಲ ಹಚ್ಚಿ ನಿಂತಿರ್ತಿದ್ವು. ಈಗ ಹಂಗಿಲ್ಲ. ಹಡಗ ಇನ್ನೂ ದೂರ ಇರೂವಾಗ ಕಂಪ್ಯೂಟರ್‌ನ್ಯಾಗ ಎಲ್ಲಾ ಜೋಡಿಸಿ ಇಟ್ಟಿರ್ತೀವಿ. ಲಾರಿಗೂ ವ್ಯಾಳ್ಯಾ ಕೊಟ್ಟಿರ್ತೀವಿ. ಬಸ್‌ಸ್ಟ್ಯಾಂಡಿಗೆ ಬಸ್ ಬಂದಂಗ – ಮಂದಿ ಇಳೀತು, ಹತ್ತಿತು, ಹೋತು.”

ಹೇಳುವಾಗ ಅವನ ಮುಖ ಅರಳಿತ್ತು. ತಾನು ಕಟ್ಟಿದ ಬಣಿವೆಯನ್ನು ತೋರಿಸುವ ರೈತನ ಮುಖ. ಸೊಕ್ಕು ಇರಲಿಲ್ಲ.

“ಹಂಗಾದ್ರ ನಮ್ಮ ಹುಡುಗನ ಹಡಗ ಅಲ್ಲಿಗೆ ಬಂದ್ರ ಅವಗ ಕೆಳಗಿಳಿಯಾಕ ವ್ಯಾಳ್ಯಾ ಸಿಗತೈತೋ ಇಲ್ಲೋ?” ಶಿದ್ಲಿಂಗಪ್ಪ ಕೇಳಿದ್ದ.

“ನಾ ಮಾಡಸ್ತೇನ್ರಿ. ಗೇಟಿನ ಬಾಜು ಹಡಗಿನ ಮಂದಿ ಕುಂಡರಾಕಂತ ಒಂದ ಖೋಲಿ ಐತಿ. ನಿಮಗ ಪಾಸ್ ಮಾಡಸ್ತೇನಿ, ಅವನಿಗೆ ಒಂದೆರಡ ತಾಸ ಬಿಡಾಕ ಕ್ಯಾಪ್ಟನ್‌ಗ ಏಜೆಂಟರ ಕಡಿಂದ ಹೇಳಸ್ತೇನಿ. ಕಾಕಿ ಹೋದದ್ದನ್ನ ನೀವ ಎದರಿಗೇ ಹೇಳ್ರಿ. ಅದ ಚಲೋ.”

ಮಾತಿನಂತೆ ಎಲ್ಲವನ್ನೂ ಮಾಡಿದ. ಪಾಸು ಆಯಿತು. ಹಡಗು ಗುರುವಾರ ಮಧ್ಯಾಹ್ನ ಧಕ್ಕೆಗೆ ಹತ್ತುತ್ತದೆ, ಸಂಜೆ ಕೃಷ್ಣಾ ಹೊರಗೆ ಬರುತ್ತಾನೆ, ಹಡಗು ಹೊರಡುವುದು ಮರುದಿನ ಎಂದು ತಿಳಿಸಿದ. ಬುಧವಾರವೇ ಶಿದ್ಲಿಂಗಪ್ಪ ಕುರಿಗಳನ್ನು ಜುಲೇಖಾಬಿಯ ಮಗನಿಗೆ ಒಪ್ಪಿಸಿ ಕಲಘಟಗಿಗೆ ಬಂದ. ಮಗನಿಗೆಂದು ಹೊಸ ಕಂಬಳಿ ತಂದಿದ್ದ, ಹಣೆಗಿಡಲು ದೇವರ ಭಂಡಾರದ ಚೀಟಿ ತಂದಿದ್ದ. ಹೆಂಡತಿಯ ಫೋಟೋ ಮಾತ್ರ ತಂದಿರಲಿಲ್ಲ. “ಅದನ್ನ ಹೆಂಗ ತರ್ಲಿ,” ಎಂದ ಮಗಳಿಗೆ. “ಹಾರ ಹಾಕಿದ್ದು ಐತಿ.”

ಗುರುವಾರ ಮುಂಜಾನೆ ಬಿಸಿಲು ಬೀಳುವ ಹೊತ್ತಿಗೆ ರಮಜಾನನ ಗಾಡಿಯಲ್ಲಿ ಇಬ್ಬರೂ ಹೊರಟರು. ರಮಜಾನ್ ಕಲಘಟಗಿಯವನೇ, ಬಾಡಿಗೆ ಗಾಡಿ ಓಡಿಸುವವನು; ಮಂಜುಳಾಳ ಗಂಡನ ಗೆಳೆಯ. ಯಾಕೆ ಹೋಗುತ್ತಿದ್ದಾರೆ ಎಂಬುದು ಅವನಿಗೂ ಗೊತ್ತಿತ್ತು. ಅದಕ್ಕೇ ಹಾಡು ಹಚ್ಚಿರಲಿಲ್ಲ.

ಶಿದ್ಲಿಂಗಪ್ಪ ಮುಂದಿನ ಸೀಟಿನಲ್ಲಿ ಕೈ ಕಟ್ಟಿ ಕುಳಿತಿದ್ದ. ಹಿಂದೆ ತಿರುಗದೆಯೇ ಹೇಳಿದ, “ನಾ ಹೇಳ್ತೇನಿ. ನೀ ಅವನ ಕೈ ಹಿಡಕೊಂಡ ನಿಂದ್ರು, ಸಾಕು.”

“ಫೋನಿಂದು?”

“ಅದನ್ನ ನೀನ ಹೇಳಬೇಕವ್ವಾ,” ಎಂದ.

ಮಂಜುಳಾ ಕಿಟಕಿಯ ಹೊರಗೆ ನೋಡಿದಳು. ಭತ್ತದ ಕೂಳೆಯ ಗದ್ದೆಗಳು, ಅವುಗಳ ಅಂಚಿನಲ್ಲಿ ತೇಗದ ಮರಗಳು. ಬೈದಾನು, ಅತ್ತಾನು, ಒಂದು ವರ್ಷ ಮಾತು ಬಿಟ್ಟಾನು. ಎಲ್ಲವನ್ನೂ ಅವಳು ಮನಸ್ಸಿನಲ್ಲಿ ಆಡಿಸಿ ನೋಡಿದ್ದಳು. ಇಂದು ಸಂಜೆಗೆ ಮುಗಿಯುತ್ತದಲ್ಲ ಎಂಬುದೇ ಸಮಾಧಾನ. ಅವ್ವನಿಗೂ ಸಾಯಲು ಬಿಟ್ಟಂತಾಗುತ್ತದೆ.

*

ಕಲಘಟಗಿ ತಾಲೂಕಿನ ಹೊಲಗಳು ಮುಗಿದು ಕಾಡು ಹತ್ತುವಲ್ಲಿ, ರಸ್ತೆಯ ಮಗ್ಗುಲಲ್ಲಿ ಜೈನಬಿಯ ಚಹಾದಂಗಡಿ. ನಾಷ್ಟಾಕ್ಕೆ ರಮಜಾನ್ ಗಾಡಿ ನಿಲ್ಲಿಸಿದ. ಕಂಟೇನರ್ ಹೊತ್ತ ಲಾರಿಯೊಂದು ಎಂಜಿನ್ ಆರಿಸದೆ ನಿಂತಿತ್ತು. ಅದರ ಚಾಲಕ ಬಸಿಗೆ ಸುರಿದುಕೊಂಡು ಚಹಾ ಕುಡಿಯುತ್ತಿದ್ದ.

“ಬಂದರಿಗೇನ್ರಿ?” ಶಿದ್ಲಿಂಗಪ್ಪ ಕೇಳಿದ.

“ಹೌದ್ರಿ ಅಜ್ಜಾ. ಸಂಜೀ ಸ್ಲಾಟ್ ಐತಿ. ತಪ್ಪಿದ್ರ ಗೇಟ್ ತಗಿಯೂದಿಲ್ಲ, ಮತ್ತ ನಾಳೀಗೇ.” ಅವನು ಬಸಿ ಇಟ್ಟು ಲಾರಿ ಹತ್ತಿ ಹೋದ.

ಉಪ್ಪಿಟ್ಟಿನ ತಾಟು ಮುಂದೆ ಬಂದಿತ್ತಷ್ಟೆ, ಮಂಜುಳಾಳ ಫೋನು ಹೊಡೆದುಕೊಂಡಿತು. ಗೌರೀಶ. ಅವನ ದನಿಯಲ್ಲಿ ಉಸಿರು ಹತ್ತಿತ್ತು.

“ಅಕ್ಕಾರ, ಎಲ್ಲಿ ಅದೀರಿ?”

ಹೇಳಿದಳು.

“ಏನಾತ್ರಿ?”

“ಹಡಗ ರಾತ್ರೀನ ಧಕ್ಕಿಗೆ ಹತ್ತೇತ್ರಿ. ಇದಕ್ಕಿಂತ ಮುಂಚೆ ನಿಂತಿದ್ದ ಹಡಗ ವ್ಯಾಳ್ಯಾಕ್ಕಿಂತ ಮೊದಲ ಖಾಲಿ ಆತು. ಜಾಗ ತೆರವ ಆತಂತ ಇದನ್ನ ಒಳಗ ಕರಕೊಂಡಾರ. ಹೊರಗ ಕಾಯಾಕ ಬಿಡೂದಿಲ್ಲ ಈಗ. ನಾ ಮನ್ಯಾಗ ಇದ್ದೆ, ಈಗ ಆಫೀಸಿಗೆ ಬಂದ ನೋಡತೇನಿ – ಅರ್ಧಕ್ಕಿಂತ ಹೆಚ್ಚ ಕೆಲಸ ಮುಗದೈತಿ. ಎಲ್ಲಾ ಕ್ರೇನ್ ಇದರ ಮ್ಯಾಲೇ ಅದಾವ.”

“ಅಂದ್ರ?”

“ಮಧ್ಯಾಹ್ನಕ್ಕ ಬಿಡತೈತ್ರಿ.”

ಮಂಜುಳಾ ಫೋನನ್ನು ಅಪ್ಪನಿಗೆ ಕೊಟ್ಟಳು. ಗೌರೀಶ ಮತ್ತೆ ಮೊದಲಿನಿಂದ ಹೇಳಿದ. ಶಿದ್ಲಿಂಗಪ್ಪ ಕೇಳುತ್ತ ರಮಜಾನನ ಕಡೆ ನೋಡಿದ. ರಮಜಾನ್ ತಲೆ ಅಲ್ಲಾಡಿಸಿದ. “ಹಾರಿ ಹೋದ್ರೂ ಮುಟ್ಟೂದಿಲ್ರಿ ಕಾಕಾ. ಘಟ್ಟ ಇಳದ ಸಮುದ್ರದ ದಂಡಿಗೆ ಹೋಗೂದ್ರಾಗ ಮಧ್ಯಾಹ್ನ ಆಗತೈತಿ. ಅಲ್ಲಿಂದ ಮುಂದ ಇನ್ನೂ ಅಷ್ಟ ದೂರ ಐತಿ.”

“ತಮ್ಮಾ,” ಶಿದ್ಲಿಂಗಪ್ಪ ಫೋನಿಗೆ ಹೇಳಿದ, “ನೀನ ಯೋಜನಾ ಹಾಕಾಂವ ಅಲ್ಲೇನಪಾ? ಒಂದ ಸ್ವಲ್ಪ ತಡದ ನಿಂದ್ರಸಾಕ ಬರತೈತೇನು? ಸಂಜೀತನಕ ಸಾಕು.”

“ಕಾಕಾ, ನನ್ನ ಕೈಯಾಗಿಲ್ರಿ.” ಗೌರೀಶನ ದನಿ ಸಣ್ಣದಾಯಿತು. “ಯಾರ ಕೈಯಾಗೂ ಇಲ್ಲ. ಅದನ್ನ ಹೊರಗ ಒಯ್ಯೂ ಪೈಲಟ್ ಬುಕ್ ಆಗ್ಯಾನ. ಅದರ ಹಿಂದಿನ ಹಡಗ ಬಾಗಲದಾಗ ಬಂದ ನಿಂತೈತಿ. ನಾ ಒಂದ ತಾಸ ನಿಂದ್ರಸ್ರಿ ಅಂದ್ರ ಯಾಕ ಅಂತ ಕೇಳತಾರ. ಏನಂತ ಹೇಳ್ಲಿ?”

“ತಾಯಿ ಸತ್ತಾಳ, ಮಗಗ ಹೇಳಬೇಕು ಅಂತ ಹೇಳು.”

ಅಂಥ ಮಾತನ್ನು ಬರೆಯಲು ಗೌರೀಶನ ಕಂಪ್ಯೂಟರಿನಲ್ಲಿ ಜಾಗವಿರಲಿಲ್ಲ.

“ಅವನ್ನ ಹೊರಗ ಬಿಡಸಾಕ ಬಂದೀತೇನು? ಅಲ್ಲೇ ಇಳಿಸಿಬಿಡ್ರಿ,” ಎಂದಳು ಮಂಜುಳಾ, ಅಪ್ಪನ ಕೈಯಿಂದ ಫೋನು ತೆಗೆದುಕೊಂಡು.

“ಬದಲಿ ಮನಿಶ್ಯಾ ಬೇಕ್ರಿ ಅಕ್ಕಾರ. ಅದು ಕಂಪನಿಯವರು ಮೊದಲ ಮಾಡಬೇಕು. ಈಗ ಇರೂ ಮಂದೀಗೇ ಉಸರ ಹಾಕಾಕ ಪುರಸೊತ್ತಿಲ್ಲ, ರಾತ್ರಿಂದ ಸಳಿ ಬಿಚ್ಚೂದು ಬಿಗಿಯೂದು ನಡದೈತಿ. ಒಂದ ಕೆಲಸ ಮಾಡತೇನಿ. ನಾನ ಹಡಗಿನ ಬುಡಕ್ಕ ಹೋಗಿ ಅವನ್ನ ಕರಸಿ ವಿಡಿಯೋ ಕಾಲ್ ಹಚ್ಚತೇನಿ. ಧಕ್ಕ್ಯಾಗ ಫೋನ್ ತಗಿಯಂಗಿಲ್ಲ, ಆದ್ರೂ ತಗೀತೇನಿ. ನೀವು ಅಲ್ಲಿಂದ ಅಲ್ಲಾಡಬ್ಯಾಡ್ರಿ. ಮುಂದ ಕಾಡಿನ್ಯಾಗ ನೆಟ್‌ವರ್ಕ್ ಇಲ್ಲ.”

ಹೀಗೆ ಅವರು ಅಲ್ಲೇ ಕುಳಿತರು. ಹಡಗು ಹೇಗೂ ತಪ್ಪಿತ್ತು, ಮುಂದೆ ಹೋದರೆ ಮಾತೂ ತಪ್ಪುತ್ತದೆ. ಉಪ್ಪಿಟ್ಟು ಆರಿತು. ಜೈನಬಿ ಒಮ್ಮೆ ಬಂದು ತಾಟು ನೋಡಿ, ಅವರ ಮುಖ ನೋಡಿ, ಏನೂ ಕೇಳದೆ ನೀರಿನ ಚರಿಗೆ ಇಟ್ಟು ಹೋದಳು. ಒಂದರ ಹಿಂದೊಂದು ಕಂಟೇನರ್ ಲಾರಿಗಳು ಘಟ್ಟದ ಕಡೆ ಇಳಿಯುತ್ತಿದ್ದವು. ಪ್ರತಿಯೊಂದಕ್ಕೂ ಅಲ್ಲಿ ಒಂದು ಹೊತ್ತು ಗೊತ್ತಾಗಿತ್ತು, ಒಂದು ಜಾಗ ಕಾದಿತ್ತು. ಶಿದ್ಲಿಂಗಪ್ಪ ಪ್ರತಿ ಲಾರಿಯನ್ನೂ ಕಣ್ಣಿನಲ್ಲೇ ತಿರುವಿನವರೆಗೆ ಕಳಿಸಿ ಬರುತ್ತಿದ್ದ.

“ಹಿಂಗಂತ ಗೊತ್ತಿದ್ರ ನಿನ್ನೀನ ಹೊಂಡತಿದ್ವಿ,” ಎಂದ ಒಮ್ಮೆ. ಮತ್ತೆ ಸ್ವಲ್ಪ ಹೊತ್ತಿಗೆ, “ಅವಗ ತಪ್ಪ ಅನ್ನಾಕ ಬರೂದಿಲ್ಲ. ಚಲೋನ ಮಾಡ್ಯಾನ ಹುಡುಗ.”

ಬಿಸಿಲೇರಿದ ಮೇಲೆ ಕರೆ ಬಂತು.

ಮೊದಲು ಕಂಡದ್ದು ಬರೀ ಕಬ್ಬಿಣ. ಆಕಾಶ ಮುಚ್ಚುವಷ್ಟು ಎತ್ತರದ, ತುಕ್ಕು ಹಿಡಿದ ನೀಲಿ ಗೋಡೆ. ಆಮೇಲೆ ಹಳದಿ ಟೊಪ್ಪಿಗೆಯ ಕೆಳಗೆ ಕೃಷ್ಣಾನ ಮುಖ. ಕೆನ್ನೆ ಬತ್ತಿದ್ದವು. ನಿದ್ದೆಗೆಟ್ಟ ಕಣ್ಣು ಕೆಂಪಾಗಿದ್ದವು. ಆದರೂ ನಗುತ್ತಿದ್ದ.

“ಯಪ್ಪಾ, ಎಲ್ಲಿ ಅದೀರಿ?”

“ಕಲಘಟಗಿ ದಾಟೇವಪಾ.”

“ಇನ್ನೂ ಅಲ್ಲೇ?” ನಗು ಅರೆಗಳಿಗೆ ನಿಂತು ಮತ್ತೆ ಹತ್ತಿಕೊಂಡಿತು. “ಹೋಗ್ಲಿ ಬಿಡ್ರಿ. ಇಲ್ಲಿ ಅಗದಿ ಜಲ್ದಿ ಆತು. ಎಲ್ಲಾ ಕಡೆ ಹಿಂಗ ಆಗೇತಿ, ನೆಲಕ್ಕ ಕಾಲ ಇಟ್ಟ ಎಷ್ಟ ದಿನಾ ಆತೋ. ಈಗ ಇಟ್ಟೇನಿ ನೋಡ್ರಿ, ನಮ್ಮ ನೆಲದ ಮ್ಯಾಲ ನಿಂತೇನಿ.” ಅವನು ಫೋನನ್ನು ಕೆಳಗೆ ತಿರುಗಿಸಿ ತನ್ನ ಬೂಟು ತೋರಿಸಿದ. ಆಮೇಲೆ ಕೇಳಿದ, “ಅವ್ವ ಎಲ್ಲಿ? ಬಂದಾಳಿಲ್ಲೋ?”

ಶಿದ್ಲಿಂಗಪ್ಪ ಫೋನನ್ನು ಮಗಳ ಕಡೆ ತಿರುಗಿಸಿಬಿಟ್ಟ.

ಈಗ ಮುಖ ಕಾಣುತ್ತಿತ್ತು. ಅವಳು ಅಕ್ಕನಾಗಿಯೇ ಮಾತಾಡಬೇಕಿತ್ತು. ಬಾಯಿ ತೆರೆದಾಗ ಮಂಜುಳಾಳಿಗೆ ದಿಗಿಲಾಯಿತು. ಇಷ್ಟು ತಿಂಗಳು ತಮ್ಮನ ಜೊತೆ ಅವ್ವನಾಗಿ ಮಾತಾಡಿ, ತಾನು ತಾನಾಗಿ ಅವನೊಂದಿಗೆ ಹೇಗೆ ಮಾತಾಡುತ್ತಿದ್ದೆ ಎಂಬುದೇ ನೆನಪಾಗಲೊಲ್ಲದು. ದನಿಯನ್ನು ತೆಳ್ಳಗೆ ಎಳೆದು, ಬೇಗ ಬೇಗ ಹೇಳಿದಳು, “ಇಲ್ಲೋ, ಬಂದಿಲ್ಲ. ಗಾಡ್ಯಾಗ ಕುಂತ್ರ ತೆಲಿ ತಿರಗತೈತಿ ಅಂದ್ಲು. ಊರಾಗ ಅದಾಳ.”

ಊರಾಗ ಅದಾಳ. ಹೊಲದ ಮೂಲೆಯಲ್ಲಿ. ಅದು ಸುಳ್ಳೂ ಅಲ್ಲ.

“ನಿನ್ನ ದನಿಗೇನಾಗೇತಿ ಅಕ್ಕಾ?”

“ನೆಗಡಿ ಆಗೇತಿ.”

ಅವನು ಅತ್ತಿತ್ತ ನೋಡಿ ಫೋನನ್ನು ಮುಖದ ಹತ್ತಿರ ತಂದ. “ಅವ್ವಗ ಹೇಳು, ನಾ ಅಂದದ್ದು ಹಂಗ ಐತಿ ಅಂತ. ಮನಸ ಬದಲಾಗಿಲ್ಲಂತ ಹೇಳು.”

ಮಂಜುಳಾಳಿಗೆ ಗೊತ್ತಿತ್ತು. ಗೊತ್ತಿಲ್ಲದವಳಂತೆ ಕೇಳಬೇಕಿತ್ತು. “ಏನ ಅಂದಿ?”

“ಅದು ನನಗ ಅವ್ವಗ,” ಎಂದು ನಕ್ಕ.

ಶಿದ್ಲಿಂಗಪ್ಪ ಫೋನು ಕಸಿದುಕೊಂಡ. ಮುಖ ಗಟ್ಟಿ ಮಾಡಿಕೊಂಡಿದ್ದ. “ಕೃಷ್ಣಾ, ಕೇಳಪಾ. ನಿಮ್ಮವ್ವ...”

ಅಷ್ಟರಲ್ಲಿ ಹಿಂದೆ ಎಲ್ಲೋ ಕ್ರೇನು ಪೆಟ್ಟಿಗೆಯನ್ನು ಇಳಿಸಿದ ಸಪ್ಪಳ, ಅದರ ಮೇಲೆ ಸೈರನ್ನು. ಕೃಷ್ಣಾ ಕಿವಿಗೆ ಕೈ ಹಚ್ಚಿದ. “ಯಪ್ಪಾ, ಜೋರ ಹೇಳು, ಏನೂ ಕೇಳವಲ್ಲದು.”

ಶಿದ್ಲಿಂಗಪ್ಪ ಬಾಯಿ ತೆರೆದ. ಚಹಾದಂಗಡಿಯಲ್ಲಿ ನಾಲ್ಕು ಮಂದಿ ಕುಳಿತಿದ್ದರು. ಆ ಕಡೆ ಮಗ ಹಡಗಿನ ಬುಡದಲ್ಲಿ ನಿಂತಿದ್ದ, ಹಿಂದೆ ಏಣಿ ಕಾಣುತ್ತಿತ್ತು. ಹೆಗಲ ಮೇಲೆ ಕೈ ಇಟ್ಟು ಹೇಳಬೇಕೆಂದು ಇಷ್ಟು ದಿನ ಎದೆಯಲ್ಲಿ ಕಾದಿಟ್ಟ ಮಾತನ್ನು ಒದರಿ ಹೇಳುವುದು ಹೇಗೆ? ಹೇಳಿದ ಮರುಗಳಿಗೆ ಅವನು ಆ ಏಣಿಯನ್ನೇ ಹತ್ತಬೇಕು.

“ಹುಷಾರಿ ಅಂದೆ,” ಎಂದು ಕೂಗಿದ ಶಿದ್ಲಿಂಗಪ್ಪ. “ಹುಷಾರಿಲೆ ಇರು ಅಂದೆ.”

“ಹೂಂ ಯಪ್ಪಾ.”

ಮೇಲಿನಿಂದ ಯಾರೋ ಹಿಂದಿಯಲ್ಲಿ ಕರೆದರು. ಕೃಷ್ಣಾ ಗೌರೀಶನ ಕೈಗೆ ಫೋನು ಕೊಟ್ಟು, ಕಾಲ ಬುಡದಲ್ಲಿದ್ದ ಒಂದು ಚೀಲವನ್ನೂ ಅವನಿಗೆ ಕೊಟ್ಟ. ಗೌರೀಶ ಕರೆ ಕತ್ತರಿಸಲಿಲ್ಲ. ಕೃಷ್ಣಾ ಏಣಿ ಹತ್ತುವುದು ಕಾಣುತ್ತಿತ್ತು, ಬೆನ್ನು ಸಣ್ಣದಾಗುತ್ತ ಹೋಗುವುದು, ಹಡಗಿನ ಅಂಚಿನ ಕಟಕಟೆಯ ಹಿಂದೆ ಒಮ್ಮೆ ನಿಂತು ಕೈ ಎತ್ತಿದ್ದು. ಆಮೇಲೆ ಕಬ್ಬಿಣ ಮಾತ್ರ.

ರಮಜಾನ್ ಗಾಡಿ ತಿರುಗಿಸಿದ. ಕಲಘಟಗಿಯ ಹತ್ತಿರ ಗೌರೀಶನ ಮೆಸೇಜು ಬಂತು: ಹಡಗು ಧಕ್ಕೆ ಬಿಟ್ಟಿತು.

*

ಮುಂದಿನ ವಾರ ಗೌರೀಶ ಗುಡಗೇರಿಗೆ ಬಂದವನು ಯರಗುಪ್ಪಿಗೂ ಬಂದ. ತಂದೆಗೆ ಎರಡು ದಿನ ಅಡಿಗೆ ಮಾಡಿಟ್ಟು ಹೋಗಲು ಬಂದಿದ್ದ ಮಂಜುಳಾ ಅಲ್ಲೇ ಇದ್ದಳು. ಕೃಷ್ಣಾ ಕೊಟ್ಟ ಚೀಲವನ್ನು ಗೌರೀಶ ಕಟ್ಟೆಯ ಮೇಲಿಟ್ಟ. ಒಳಗೆ ಉಣ್ಣೆಯ ಸ್ವೆಟರು, ಕಂದು ಬಣ್ಣದ್ದು. ಯಾವುದೋ ಚಳಿ ದೇಶದಲ್ಲಿ ಕೊಂಡದ್ದು. ಅವ್ವ ಮುಂಜಾನೆ ಹೊಲಕ್ಕೆ ಹೋಗುವಾಗ ಹಾಕಿಕೊಳ್ಳಲು ಎಂದು ಹೇಳಿದ್ದನಂತೆ.

ಮಂಜುಳಾ ಮಜ್ಜಿಗೆ ತಂದುಕೊಟ್ಟಳು. ಗೌರೀಶ ಲೋಟ ಹಿಡಿದು ಕುಡಿಯದೆ ಕುಳಿತ.

“ಮೊನ್ನಿ ಆಫೀಸಿನ್ಯಾಗ ನಮಗೆಲ್ಲಾ ಸಿಹಿ ಹಂಚಿದ್ರು,” ಎಂದ. “ಇಡೀ ತಿಂಗಳದಾಗ ಆ ಹಡಗಿನಷ್ಟ ಜಲ್ದಿ ಯಾವ ಹಡಗೂ ಹೊಂಟಿಲ್ಲಂತ. ಎದ್ದ ನಿಂದ್ರು ಅಂದ್ರು, ನಿಂತೆ. ಚಪ್ಪಾಳಿ ಹೊಡದ್ರು.”

ಶಿದ್ಲಿಂಗಪ್ಪ ಸ್ವೆಟರನ್ನು ಮಡಿಸುತ್ತಿದ್ದ. ಕುರಿಯ ಉಣ್ಣೆ ನೋಡುವವನಂತೆ ಬೆರಳಲ್ಲಿ ತಿಕ್ಕಿ ನೋಡಿದ. “ಚಲೋ ಉಣ್ಣಿ ಐತಿ,” ಎಂದ.

“ಕಾಕಾ, ನಾ ಹೇಳ್ಲೇನು ಅವನಿಗೆ? ಮೆಸೇಜ್ ಹಾಕಲೇನು?”

“ಬ್ಯಾಡಪಾ. ಮಜ್ಜಿಗಿ ಕುಡಿ.”

ಗೌರೀಶ ಹೋದ ಮೇಲೆ ಶಿದ್ಲಿಂಗಪ್ಪ ಸ್ವೆಟರನ್ನು ಗೂಡಿನಲ್ಲಿಟ್ಟು ಮಗಳಿಗೆ ಹೇಳಿದ, “ಇನ್ನ ಮುಚ್ಚಿಡೂದು ನನ್ನ ಕೈಲೆ ಆಗೂದಿಲ್ಲ. ಎದರಿಗೆ ಹೇಳೂದು ನಮ್ಮ ಹಣೇಬಾರದಾಗಿಲ್ಲ. ಈ ಸಲ ಫೋನ್ ಬಂದ್ರ ಹೇಳಿಬಿಡು. ನೀ ಯಾರಂತನೂ ಹೇಳಿಬಿಡು.”

ಮಂಜುಳಾ ಹೂಂ ಎಂದಳು. ಆ ರಾತ್ರಿ, ಮರುದಿನ, ಅದರ ಮರುದಿನ, ಏನು ಹೇಳಬೇಕೆಂದು ಕಟ್ಟಿಕೊಂಡಳು. ಮೊದಲು ‘ನಾನು ಮಂಜಿ’ ಎನ್ನಬೇಕು. ಆಮೇಲೆ ‘ಕುಂಡ್ರು’ ಎನ್ನಬೇಕು. ಕುಳಿತಿದ್ದಾನೆ ಎಂದು ಗೊತ್ತಾದ ಮೇಲೆ ಉಳಿದದ್ದು.

ಫೋನು ಬಂದದ್ದು ಜೋಳದ ರಾಶಿಯ ದಿನ. ಕಣದಲ್ಲಿ ಯಂತ್ರ ನಿಲ್ಲಿಸಿ ಎಲ್ಲರೂ ಬುತ್ತಿ ಬಿಚ್ಚಿದ್ದರು. ಮಂಜುಳಾ ಬನ್ನಿ ಗಿಡದ ನೆರಳಿಗೆ ಹೋದಳು. ಅಪ್ಪ ರೊಟ್ಟಿ ಕೈಯಲ್ಲಿ ಹಿಡಿದು ಅವಳನ್ನೇ ನೋಡುತ್ತಿದ್ದ.

“ಯವ್ವಾ, ಸ್ವೆಟರ್ ಮುಟ್ಟಿತೇನು?”

“ಕೃಷ್ಣಾ, ಕುಂಡ್ರು,” ಎಂದಳು. ‘ನಾನು ಮಂಜಿ’ ಎನ್ನುವುದು ಹಿಂದೆ ಉಳಿಯಿತು.

“ಎಲ್ಲಿ ಕುಂಡರ್ಲಿ? ಬಂದರ ಬಂತು. ಪೈಲಟ್ ಹತ್ತ್ಯಾನ. ಧಕ್ಕಿಗೆ ಹತ್ತೂದ್ರಾಗ ಸಳಿ ಬಿಚ್ಚಿ ತಯಾರ ಇರಬೇಕಂತ, ಇಲ್ಲೂ ಹಂಗ ಶುರು ಆಗೇತಿ. ಮಳಿ ಹೊಡೀತೈತಿ ಯವ್ವಾ. ಪೆಟ್ಟಿಗಿ ಮ್ಯಾಲ ಅಡಕಿ ಚೂರ ಇಟ್ರೂ ಜಾರತೈತಿ. ಏರೂಕಿಂತ ಮೊದಲ ನಿನ್ನ ದನಿ ಕೇಳಬೇಕ ಅನಸ್ತು, ಅದಕ್ಕ ಹಚ್ಚಿದೆ. ಏನೋ ಹೇಳಾಕತ್ತಿದ್ದೆಲ್ಲಾ, ಹೇಳು.”

ಗಾಳಿಯ ಸಪ್ಪಳ, ಮಳೆಯ ಸಪ್ಪಳ, ಅವನ ಉಸಿರು. ಅವನು ಕಾಯುತ್ತಿದ್ದ.

“ಏನಿಲ್ಲಪ್ಪಾ,” ಎಂದಳು ಮಂಜುಳಾ. ದನಿ ತಾನಾಗಿಯೇ ಇಳಿಯಿತು, ಅವ್ವನದಾಯಿತು. “ಉಂಡಿಯೇನು ಅಂತ ಕೇಳಾಕತ್ತಿದ್ದೆ. ಮುಟ್ಟೇತಿ ಸ್ವೆಟರ್. ಮೈತುಂಬ ಆಗೇತಿ. ಎರಡೂ ಕೈಲೆ ಗಟ್ಟಿ ಹಿಡಕೊ, ಒಂದ ಕೈ ಬಿಡಬ್ಯಾಡ.”

“ಹೂಂ ಯವ್ವಾ.”

ಅವಳು ಕಣಕ್ಕೆ ಮರಳಿದಳು. ಶಿದ್ಲಿಂಗಪ್ಪ ಕೇಳಿದ, “ಹೇಳಿದೇನು?”

“ಮ್ಯಾಲ ಹತ್ತಾಕ ಹೊಂಟಿದ್ದ. ಅಲ್ಲಿ ಮಳಿ ಐತಂತ.”

ಅವನು ತಲೆಯಾಡಿಸಿ, ಬಾಜುವಿಗೆ ಸರಿದು ಮಗಳಿಗೆ ಜಾಗ ಮಾಡಿದ. ಯಾರೋ ಯಂತ್ರ ಚಾಲೂ ಮಾಡಿದರು. ಹೊಟ್ಟಿನ ಧೂಳು ಅವರ ಕಡೆಗೇ ಹಾರಿ ಬಂತು, ಮಂಜುಳಾ ರೊಟ್ಟಿಯ ಮೇಲೆ ಸೆರಗು ಮುಚ್ಚಿ ಕುಳಿತಳು.